ಕಂಬ ಉಳಿಲಿ, ಹೊಗಿ ಹೋಗ್ಲಿ: ನಮ್ಮ ಕಡೆ ಮಾಳಗಿ ಮನಿ ಒಳಗಿನ ಇತಿಹಾಸ



ನಮ್ಮ ಹೊಸಪೇಟಿ ಮನಿ ಒಳಗ ಕೆಲ್ಸ ಹಚ್ಚೀವಿ ಅನ್ನೋ ಸುದ್ದಿ ಸಂಡೂರಿನ ನಾದಿನಿ ತನಕಾನೂ, ಕಂಪ್ಲಿ ತವರುಮನಿ ತನಕಾನೂ ಮುಟ್ಟೈತಿ. ಫೋನ್ ಮಾಡಿದೋರು ಎಲ್ಲಾರೂ ಒಂದ ಕೇಳ್ತಾರ: "ಅಷ್ಟು ಖರ್ಚು ಮಾಡೋದಕ್ಕಿಂತ ಕೆಡವಿ ಆರ್‌ಸಿಸಿ ಹಾಕ್ಸಬಾರ್ದಾ? ಮ್ಯಾಲೊಂದು ಮನಿ ಬಾಡಿಗಿಗಾದ್ರೂ ಬರ್ತಿತ್ತು." ಒಬ್ಬೊಬ್ರಿಗೆ ಹೇಳಿ ಸಾಕಾಗೈತಿ. ಅದಕ್ಕ ಈ ಸಲ ರೊಟ್ಟಿ, ಪುಡಿ ಚಟ್ನಿ ಬಿಟ್ಟು ಮನಿ ಬಗ್ಗೇನ ಬರೀತೀನಿ. ನಾ ಓದಿದ್ದು ಪಿಯುಸಿ ತನಕ. ಆದ್ರ ಮನಿ ಅನ್ನೋದು ನಾವು ಹೆಂಗಸ್ರು ದಿನಾ ಓದೋ ಪುಸ್ತಕ. ಅದರ ಇತಿಹಾಸ ನಾವ ಬರೀದಿದ್ರ ಮತ್ಯಾರು ಬರೀಬೇಕು?

ನಮ್ಮ ಮನಿ ತಲಬಾಗ್ಲ ಚೌಕಟ್ಟಿನ ಮ್ಯಾಲ ಕೀಲಕ ನಾಮ ಸಂವತ್ಸರ, 1908 ಅಂತ ಕೆತ್ಯಾರ. ಒಳಗ 16 ಕಂಬ ಅದಾವ. ನಮ್ಮ ಕಡೆ ಹಿಂದಕ್ಕ ಮನೀನ ಚದರಡಿ ಲೆಕ್ಕದಾಗ ಹೇಳ್ತಿದ್ದಿಲ್ಲ, ಅಂಕಣದ ಲೆಕ್ಕದಾಗ ಹೇಳ್ತಿದ್ರು. ನಾಕು ಕಂಬದ ನಡುವಿನ ಜಾಗ ಅಂದ್ರ ಒಂದು ಅಂಕಣ. "ಅವ್ರದು ಹನ್ನೆರಡು ಅಂಕಣದ ಮನಿ" ಅಂದ್ರ ಸಾಕು, ಹೆಣ್ಣು ಕೊಡೋರಿಗೆ ಮನಿತನದ ಅಂದಾಜು ಸಿಗ್ತಿತ್ತು.

ಕಂಬದ ಬುಡಕ್ಕ ಕಲ್ಲು, ಕಂಬದ ತಲಿಗೆ ಬೋದಿಗಿ, ಬೋದಿಗಿ ಮ್ಯಾಲ ತೊಲಿ, ತೊಲಿ ಮ್ಯಾಲ ಜಂತಿ, ಜಂತಿ ಮ್ಯಾಲ ಹಲಗಿ ಇಲ್ಲಾ ಬಿದಿರು. ಅದರ ಮ್ಯಾಲ ಲಕ್ಕಿ ಸೊಪ್ಪು, ಬೇವಿನ ಸೊಪ್ಪು ಹಾಸಿ, ಮಣ್ಣು ಹಾಕಿ, ತುಳುದು, ಎಲ್ಲಾದಕ್ಕಿಂತ ಮ್ಯಾಲ ಚೌಳು ಮಣ್ಣು ಹರುವಿದ್ರ ಅದ ಮಾಳಗಿ. ಗ್ವಾಡಿ ಕಲ್ಲು-ಮಣ್ಣಿಂದು, ಒಂದೂವರಿ ಎರಡು ಅಡಿ ದಪ್ಪ. ಆದ್ರ ಮಾಳಗಿ ಭಾರ ಎಲ್ಲಾ ಗ್ವಾಡಿ ಹೊರಂಗಿಲ್ಲ, ಬಾಳಷ್ಟು ಕಂಬ ಹೊರ್ತಾವ. ಕಟ್ಟಿಗಿ ಮೈ, ಮಣ್ಣಿನ ಹೊದಿಕಿ. ಅಷ್ಟ ಮನಿ.

ಈ ಕಟ್ಟಿಗಿ ಮನಿ ಪದ್ಧತಿ ನಮ್ಮ ಕಡೆ ಎಷ್ಟು ಹಳೇದು ಅಂತ ತಿಳೀಬೇಕಂದ್ರ ಹಂಪಿಗೆ ಹೋಗಿ ನೋಡ್ರಿ. ಬಂದ ಬೀಗರ್ನ ಎಲ್ಲಾರೂ ಕರ್ಕೊಂಡು ಹೋಗೇ ಹೋಗ್ತೀವಿ. ವಿರೂಪಾಕ್ಷ ಗುಡಿ, ಕಲ್ಲಿನ ರಥ, ಕಮಲ ಮಹಲ್ ನೋಡಿ "ಅರಮನಿ ಎಲ್ಲೈತಿ?" ಅಂತ ಕೇಳ್ತಾರ. ಗೈಡ್ ಕಲ್ಲಿನ ಜಗಲಿ ತೋರಿಸ್ತಾನ. ಯಾಕಂದ್ರ ಅರಮನಿ ಕಟ್ಟಿಗಿದಿತ್ತು! ಅಧಿಷ್ಠಾನ ಅಷ್ಟ ಕಲ್ಲಿಂದು, ಮ್ಯಾಲಿನ ಕಂಬ, ತೊಲಿ, ಮಾಳಗಿ ಎಲ್ಲಾ ಮರ. 1565ರಾಗ ರಕ್ಕಸಗಿ-ತಂಗಡಗಿ ಯುದ್ಧದಾಗ ಸೋತ ಮ್ಯಾಲ ಊರಿಗೆ ಬೆಂಕಿ ಬಿತ್ತು. ಗುಡಿ ಕಲ್ಲಿನವು, ಉಳಿದ್ವು. ಮನಿ, ಅರಮನಿ ಕಟ್ಟಿಗಿವು, ಹೋದ್ವು.

ಮಹಾನವಮಿ ದಿಬ್ಬದ ಹತ್ರ ಅರಸರ ಸಭಾಮಂಟಪ ಅಂತ ಒಂದು ಜಾಗ ಐತಿ. ಅಲ್ಲಿ ಕಂಬ ನಿಂತಿದ್ದ ಕಲ್ಲಿನ ಗುರ್ತು ಹತ್ತು ಸಾಲು, ಸಾಲಿಗೆ ಹತ್ತು, ಒಟ್ಟು 100 ಅದಾವ. ಪಕ್ಕದಾಗ ಕಲ್ಲಿನ ಮೆಟ್ಲು ಮ್ಯಾಲಕ್ಕ ಹತ್ತಿ, ಎಲ್ಲಿಗೂ ಹೋಗದ ಬಯಲಿನಾಗ ನಿಂತ್ಬಿಡ್ತಾವ. ಮ್ಯಾಲ ಕಟ್ಟಿಗಿ ಅಟ್ಟಣಗಿ ಇತ್ತು, ಅದಕ್ಕ ಹತ್ತಾಕ ಮಾಡಿದ ಮೆಟ್ಲು ಅವು. ನನ್ನ ಪ್ರಕಾರ ಇಡೀ ಹಂಪ್ಯಾಗ ಮನಸಿಗೆ ಹತ್ತೋ ಜಾಗ ಅಂದ್ರ ಅದ. ನಾವು ಅಂಕಣ ಅಂತೀವಲ್ಲ, ಆ ಸಭಾಮಂಟಪಾನೂ ಅದ ಲೆಕ್ಕಾನ. ಅರಸಗ ನೂರು ಕಂಬ, ನಮ್ಮಂಥೋರಿಗೆ ಹದಿನಾರು, ಬಡವರಿಗೆ ನಾಕು.

1520ರ ಸುಮಾರಿಗೆ ಪೋರ್ಚುಗಲ್ ದೇಶದ ಡೊಮಿಂಗೊ ಪಾಯೆಸ್ ಅನ್ನೋನು ಕೃಷ್ಣದೇವರಾಯನ ಕಾಲದಾಗ ಇಲ್ಲಿಗೆ ಬಂದಿದ್ದ. ಅವ ಬರೆದಿದ್ದನ್ನ ರಾಬರ್ಟ್ ಸಿವೆಲ್ ಅನ್ನೋ ಇಂಗ್ಲಿಷ್ ಅಧಿಕಾರಿ 1900ರಾಗ ತನ್ನ ಪುಸ್ತಕದಾಗ ಅಚ್ಚು ಹಾಕ್ಸಿದ. ಪಾಯೆಸ್ ಅರಮನಿ ಒಳಗ ಒಂದು ಕೋಣಿ ನೋಡಿದ್ನಂತ. ಗ್ವಾಡಿ ಮ್ಯಾಲಿಂದ ಕೆಳಗಿನ ತನಕ ಆನಿ ದಂತದ್ದು, ಕಂಬದ ತಲಿಗೆ ಗುಲಾಬಿ, ತಾವರಿ ಹೂವು, ಅವೂ ದಂತದಾಗ ಕೆತ್ತಿದ್ವು. ಊರಾಗಿನ ಮನಿಗಳು ಒಂದ ಅಂತಸ್ತಿನವು, ಮ್ಯಾಲ ಸಪಾಟಾಗಿ ಮಾಳಗಿ, ಸುತ್ತ ಗಿಡ್ಡ ಗ್ವಾಡಿ ಅಂತಾನೂ ಬರ್ದಾನ. ಅವಗಿಂತ ಸ್ವಲ್ಪ ಮೊದ್ಲ ಬರೆದ ದುವಾರ್ತೆ ಬಾರ್ಬೋಸಾ ಅನ್ನೋನು ಮಂದಿ ಮನಿಗೆ ಹುಲ್ಲಿನ ಹೊದಿಕಿ ಅಂತ ಹೇಳ್ಯಾನ. ಇಬ್ರೂ ಖರೇನ ಹೇಳಿರ್ಬೇಕು. ಉಳ್ಳೋರಿಗೆ ಮಾಳಗಿ, ಇಲ್ದೋರಿಗೆ ಹುಲ್ಲು. ನಾ ಸಣ್ಣಾಕಿದ್ದಾಗ ಕಂಪ್ಲ್ಯಾಗೂ ಹಂಗ ಇತ್ತು.

ನಮ್ಮ ಹೊಸಪೇಟಿನೂ ಆ ಕಾಲದ್ದ. ಕೃಷ್ಣದೇವರಾಯ ಕಟ್ಟಿಸಿದಾಗ ನಾಗಲಾಪುರ ಅಂತಿತ್ತು. ಐನೂರು ವರ್ಷದ ಊರು. ಆದ್ರ ಐನೂರು ವರ್ಷದ ಮನಿ ಒಂದೂ ಇಲ್ಲ. ಕಟ್ಟಿಗಿ ಮನಿ ಹಂಗ ಉಳಿಯಂಗಿಲ್ಲ. ಪ್ರತಿ ಎರಡು ಮೂರು ತಲಿಗೆ ಒಂದ್ಸಲ ಯಾರಾದ್ರೂ ಒಳಗ ಕೈ ಹಾಕಿ ಸರಿ ಮಾಡ್ಲೇಬೇಕು. ಸರಿ ಮಾಡಿದ್ದು ಉಳೀತೈತಿ, ಮಾಡದಿದ್ದು ಬೀಳ್ತೈತಿ. ಹಂಗಾಗಿ ಹಳೇ ಮನಿ ಅಂದ್ರ ಮುಟ್ಟದ ಬಿಟ್ಟ ಮನಿ ಅಲ್ಲ, ಮತ್ತ ಮತ್ತ ಮುಟ್ಟಿದ ಮನಿ.

ಮಾಳಗಿ ಮುಟ್ಟಿದೋರು ಯಾರು? ಇಲ್ಲೇ ನಮ್ಮ ಮಾತು ಬರ್ತೈತಿ ನೋಡ್ರಿ. ಚೌಕಟ್ಟಿನ ಮ್ಯಾಲ ಕಟ್ಟಿಸಿದೋರ ಹೆಸರು ಐತಿ. ವರ್ಷಾ ಮುಂಗಾರಿಗೆ ಮೊದ್ಲ ಮಾಳಗಿ ಹತ್ತಿ, ಹುಲ್ಲು ಕಿತ್ತು, ಬಿರುಕಿಗೆ ಚೌಳು ತುಂಬಿ, ಹರನಾಳಗಿ ಬಾಯಿ ಬಿಡಿಸಿದ ಅತ್ತಿ, ಸೊಸಿ, ಆಳುಮಗಳ ಹೆಸರು ಎಲ್ಲೂ ಇಲ್ಲ. ನೆಲ ಸಾರಿಸಿದೋರು, ಗ್ವಾಡಿಗೆ ಕೆಮ್ಮಣ್ಣು ಬಳ್ದೋರು, ದೀಪಾವಳಿಗೆ ಸುಣ್ಣ ಹಚ್ಚಿದೋರು ಎಲ್ಲಾ ಹೆಂಗಸ್ರ. ಕಟ್ಟಿದ್ದು ಒಂದು ವರ್ಷ, ಕಾದಿದ್ದು ನೂರು ವರ್ಷ.

ಚೌಳು ಮಣ್ಣಿನ ಗುಟ್ಟು ಗೊತ್ತೇನ್ರಿ? ಚೌಳು ನೆಲದಾಗ ಬೆಳಿ ಬರಂಗಿಲ್ಲ, ರೈತಗ ಅದು ಶಾಪ. ಅದರಾಗ ಸೋಡಾ ಉಪ್ಪಿನ ಅಂಶ ಹೆಚ್ಚು. ನೀರು ಬಿದ್ದ ಕೂಡ್ಲೆ ಮಣ್ಣಿನ ಸಣ್ಣ ಕಣ ಬಿಡಿಬಿಡಿಯಾಗಿ ಸಂದಿಗೊಂದಿ ಎಲ್ಲಾ ಮುಚ್ಚಿಬಿಡ್ತಾವ, ನೀರು ಕೆಳಗಿಳಿಯಂಗಿಲ್ಲ, ಮ್ಯಾಲಿಂದ ಮ್ಯಾಲ ಹರ್ದು ಹೋಗ್ತೈತಿ. ಹೊಲದಾಗ ಬೇರಿಗೆ ನೀರು ಬಿಡದ ಗುಣಾನ ಮಾಳಗಿ ಮ್ಯಾಲ ನಮ್ಮನ್ನ ಕಾಯ್ತೈತಿ. ಮಣ್ಣಿನಾಗ ಕೆಟ್ಟದ್ದು ಅನ್ನೋದು ಇಲ್ಲ, ಎಲ್ಲಿ ಹಾಕ್ತೀವಿ ಅನ್ನೋದ ಮುಖ್ಯ ಅಂತ ನಮ್ಮತ್ತಿ ಅಂತಿರ್ತಾರ.

ಇನ್ನ ಕಟ್ಟಿಗಿ ಮಾತು. 1800ರಾಗ ನಿಜಾಮ ನಮ್ಮ ಬಳ್ಳಾರಿ ಸೀಮೀನ ಕಂಪನಿ ಸರಕಾರಕ್ಕ ಬಿಟ್ಟುಕೊಟ್ಟ, ಥಾಮಸ್ ಮನ್ರೋ ಕಲೆಕ್ಟರ್ ಆಗಿ ಬಂದ. ಸಂಡೂರು ಮಾತ್ರ ಘೋರ್ಪಡೆ ಮನೆತನದ ಸಂಸ್ಥಾನ ಆಗೇ ಉಳೀತು. ಆಮ್ಯಾಲ 1876ರಿಂದ 78ರ ತನಕ ಧಾತು, ಈಶ್ವರ ಸಂವತ್ಸರದ ದೊಡ್ಡ ಬರ. ಬಳ್ಳಾರಿ ಜಿಲ್ಲಾ ಭಾಳ ನಲುಗಿತು, ಊರಿಗೆ ಊರ ಖಾಲಿ ಆದ್ವು. ಮನುಷ್ಯಾರಿಲ್ದ ಮಾಳಗಿ ಎರಡು ಮಳಿಗೆ ಕುಸೀತೈತಿ. ಬರ ಕಳದ ಮ್ಯಾಲ, 1880ರ ದಶಕದಾಗ ರೈಲು ಬಂತು. ರೈಲಿನ ಸಂಗಾಟ ಅರಳಿ ಯಾಪಾರ, ರೊಕ್ಕ, ದೂರದ ಕಟ್ಟಿಗಿ ಎಲ್ಲಾ ಬಂದ್ವು. ಅದಕ್ಕ ಮೊದ್ಲ ಊರ ಸುತ್ತಿನ ಬೇವು, ಜಾಲಿ, ಸಂಡೂರು ಗುಡ್ಡದ ಮರಾನ ಮನಿಗೆ ಆಗ್ತಿದ್ವು. ನಮ್ಮ ಮನಿ ಕಂಬ ಸಾಗವಾನಿ. ಮಾವನೋರ ತಂದಿ ಅದನ್ನ ರೈಲಿನಾಗ ತರ್ಸಿ, ಸ್ಟೇಷನ್ನಿನಿಂದ ಎತ್ತಿನ ಬಂಡ್ಯಾಗ ಹೇರ್ಕೊಂಡು ಬಂದ್ರಂತ. ಮಂಗಳೂರು ಹಂಚಿನ ಕತಿನೂ ಹಂಗ. 1865ರಾಗ ಬಾಸೆಲ್ ಮಿಷನ್‌ನೋರು ಮಂಗಳೂರಾಗ ಮೊದಲ ಕಾರ್ಖಾನಿ ಹಾಕಿದ್ರು, ರೈಲು ಬಂದ ಮ್ಯಾಲ ಹಂಚು ಒಳನಾಡಿಗೂ ಬಂತು. ನಮ್ಮ ಹಿತ್ತಲ ಕೊಟ್ಟಗಿಗೆ ಹಂಚು, ನಡುಮನಿಗೆ ಮಾಳಗಿ. ಒಂದ ಮನ್ಯಾಗ ಎರಡು ಕಾಲ.

ಇನ್ನೊಂದು ಕತಿ ತುಂಗಭದ್ರಾ ಡ್ಯಾಮಿಂದು. 1945ರಾಗ ಕೆಲ್ಸ ಸುರು, 1953ಕ್ಕ ನೀರು ನಿಂತ್ತು. ಅದ ವರ್ಷ ಅಕ್ಟೋಬರ್ 1ಕ್ಕ ನಮ್ಮ ಬಳ್ಳಾರಿ ಮದ್ರಾಸ್ ರಾಜ್ಯ ಬಿಟ್ಟು ಮೈಸೂರಿಗೆ ಸೇರ್ತು. ಡ್ಯಾಮಿನ ನೀರಾಗ ಎಷ್ಟೋ ಹಳ್ಳಿ ಮುಳುಗಿದ್ವು. ನಾರಾಯಣದೇವರಕೆರೆ ಅನ್ನೋ ದೊಡ್ಡ ಊರು ಮುಳುಗಿ, ಅಲ್ಲಿಯ ಮಂದಿ ಮರಿಯಮ್ಮನಹಳ್ಳಿಗೆ ಬಂದು ನೆಲಸಿದ್ರು. ನಮ್ಮತ್ತಿ ಆಗ ಸಣ್ಣ ಹುಡುಗಿ. ಬಂಡಿ ಮ್ಯಾಲ ಬಾಗ್ಲ, ಚೌಕಟ್ಟು, ಕಂಬ, ತೊಲಿ ಹೇರ್ಕೊಂಡು ಸಾಲಾಗಿ ಬರೋದನ್ನ ನೋಡ್ಯಾರ. ಕಲ್ಲು, ಮಣ್ಣು ಅಲ್ಲೇ ಬಿಟ್ರು, ಕಟ್ಟಿಗಿ ಮಾತ್ರ ತಂದ್ರು. ಒಬ್ಬ ಮುದುಕಿ ಹೊಸ್ತಿಲ ಹಲಗಿ ತೊಡಿ ಮ್ಯಾಲ ಇಟ್ಕೊಂಡು ಕುಂತಿದ್ಲು ಅಂತ ಅತ್ತಿ ಈಗಲೂ ಹೇಳ್ತಾರ. ಮಾಳಗಿ ಮನಿ ಗುಣಾನ ಅದು. ಮೊಳಿ ಹೊಡೀದ ಒಂದರಾಗ ಒಂದು ಕೂಡ್ಸಿದ ಕಟ್ಟಿಗಿ, ಬಿಚ್ಚಿದ್ರ ಬಿಚ್ತೈತಿ, ಇನ್ನೊಂದು ಕಡೆ ನಿಲ್ಸಿದ್ರ ಮತ್ತ ಮನಿ ಆಗ್ತೈತಿ. ಕುಕನೂರಾಗಿದ್ದ ಕಮಲ ಮಹಲ್ ಅನ್ನೋ ಕಟ್ಟಿಗಿ ಕೆತ್ತನಿ ಮನೀನ ಹಂಗ ಬಿಚ್ಚಿ ಒಯ್ದು ಮಣಿಪಾಲದಾಗ ವಿಜಯನಾಥ ಶೆಣೈಯವ್ರು ಕಟ್ಟಿದ ಹಸ್ತಶಿಲ್ಪ ಪರಂಪರೆ ಗ್ರಾಮದಾಗ ನಿಲ್ಲಿಸ್ಯಾರ. ವಿಜಯನಗರ ಕಾಲದ್ದು ಅಂತ ಹೇಳ್ತಾರ.

ಡ್ಯಾಮು ಬಂದ ಮ್ಯಾಲ ಕಂಪ್ಲಿ ಕಡೆ ಭತ್ತ, ಕಬ್ಬು ಹೆಚ್ಚಾತು. ಕಾಲುವಿ ನೀರು ಹೆಚ್ಚಾದ ಹೊಲದಾಗ ಚೌಳೂ ಹೆಚ್ಚಾತು. ಮಾಳಗಿಗೆ ಬೇಕಾದಾಗ ಹುಡುಕಿ ತರ್ತಿದ್ದ ಮಣ್ಣು, ಮಾಳಗಿ ಬ್ಯಾಡಾದ ಮ್ಯಾಲ ಹೊಲದ ತುಂಬ!

ಈಗ ಒಳಗಿನ ಮಾತಿಗೆ ಬರ್ತೀನಿ. ಹಳೇ ಮನಿ ಅಂದ್ರ ತಂಪು, ಚಂದ ಅಂತ ಪಟ್ಟಣದಿಂದ ಬಂದೋರು ಫೋಟೋ ಹೊಡ್ಕೊಂಡು ಹೋಗ್ತಾರ. ತಂಪು ಖರೇ. ಏಪ್ರಿಲ್, ಮೇದಾಗ ಹೊರಗ 40 ಡಿಗ್ರಿ ದಾಟಿದ್ರೂ ನಮ್ಮ ನಡುಮನ್ಯಾಗ ಫ್ಯಾನ್ ಇಲ್ದ ಮಲಗಬಹುದು. ಆದ್ರ ಆ ಮನಿ ಯಾರಿಗಾಗಿ ಕಟ್ಟಿದ್ದು ನೋಡ್ರಿ. ಪಡಸಾಲಿ ಗಂಡಸ್ರಿಗೆ, ಅಲ್ಲಿ ಗಾಳಿ ಬೆಳಕು. ಕೊಟ್ಟಗಿ ದನಕ್ಕ, ಅಲ್ಲೂ ಗಾಳಿ. ನಡುಮನಿ ಕಾಳು ಕಡಿಗೆ, ಹಗೇವಿಗೆ. ಅಡಗಿಮನಿ ಎಲ್ಲಾದಕ್ಕಿಂತ ಹಿಂದ, ಒಂದ ಬೆಳಕಿಂಡಿ, ಮಳಿ ಬಂದ್ರ ಅದನ್ನೂ ಮುಚ್ಚಬೇಕು. ಬಾಣಂತಿ ಕೋಣಿಗೆ ಕಿಡಕೀನ ಇಲ್ಲ. ಬಚ್ಚಲಿಗೆ ಬಾಗ್ಲ ಇದ್ದಿಲ್ಲ, ಸೀರಿ ಮರಿ. ಪಾಯಖಾನಿ ಮಾತು ಬಿಡ್ರಿ, ನಸಿಕಿನಾಗ ಎದ್ದು ಹೋಗೋದನ್ನ ನಮ್ಮ ವಯಸ್ಸಿನೋರು ಯಾರೂ ಮರ್ತಿಲ್ಲ.

ಒಲಿ ಹೊಗಿ ತೊಲಿಗೆ ಹಿಡ್ದು ಕರ್ರಗಾಗಿ, ಹುಳ ಬರದಂಗ ಕಾಯ್ತು ಅಂತ ಬಡಿಗ್ಯಾರು ಹೇಳ್ತಾರ. ಖರೇ ಇರ್ಬಹುದು. ಆದ್ರ ತೊಲಿ ಕಾದ ಹೊಗೀನ ನಮ್ಮತ್ತಿ ಕಣ್ಣು ತಿಂತು, ಅವ್ರ ಅತ್ತಿ ಎದಿ ತಿಂತು. ಅದಕ್ಕ ಹಳೇ ಮನಿ ಹೆಂಗಿತ್ತೋ ಹಂಗ ಇರ್ಬೇಕು ಅನ್ನೋರಿಗೆ ನಾ ಒಂದ ಮಾತು ಹೇಳ್ತೀನಿ: ಅದರಾಗ ಒಂದು ಮಳಿಗಾಲ ಅಡಗಿ ಮಾಡಿ ಆಮ್ಯಾಲ ಮಾತಾಡ್ರಿ.

ನಮ್ಮ ಮನಿ ಒಳಗ ಇದು ನಾಕನೇ ಬದಲಾವಣಿ. ಮೊದಲನೇದು ಕರೆಂಟು, ಅತ್ತಿ ಮದಿವಿ ಆಗಿ ಬಂದ ಹೊಸದಾಗಿ. ಪಡಸಾಲಿಗೊಂದು ಬಲ್ಬು, ನಡುಮನಿಗೊಂದು. ಅಡಗಿಮನಿಗೆ ಬರಾಕ ಇನ್ನ ಎಂಟು ವರ್ಷ ಹಿಡೀತು! ಎರಡನೇದು ನಳ ಮತ್ತ ಬಚ್ಚಲ. ಮೂರನೇದು ಗ್ಯಾಸು, ನಾ ಸೊಸಿ ಆಗಿ ಬಂದ ಮ್ಯಾಲ. ಒಲಿ ಕೆಡವಿ ಕಡಪಾ ಕಲ್ಲಿನ ಕಟ್ಟಿ ಕಟ್ಸಿದ್ರು, ಕುಂತು ಅಡಗಿ ಮಾಡೋದು ಹೋಗಿ ನಿಂತು ಮಾಡೋದು ಬಂತು. ಒಳಕಲ್ಲು ಮೂಲಿಗೆ ಸರೀತು, ಮಿಕ್ಸಿ ಬಂತು. ಕಂಬ ಯಾವೂ ಅಳ್ಳಾಡ್ಲಿಲ್ಲ. ಕಂಬದ ನಡುವಿನ ಜೀವನ ಮಾತ್ರ ಪೂರಾ ಬದಲಾತು.

ಮೂರನೇ ಸಲದಾಗ ಒಂದು ಕೆಟ್ಟದ್ದೂ ಆತು. ಆಗಿನ ಗುತ್ತಿಗಿಯವ್ನು "ಮಣ್ಣಿನ ಗ್ವಾಡಿ ಉದುರ್ತೈತಿ, ಸಿಮೆಂಟ್ ಮೆತ್ತಿದ್ರ ಕಲ್ಲಿನಂಗ ಇರ್ತೈತಿ" ಅಂತ ಮಾವನೋರಿಗೆ ಹೇಳಿ ಅಡಗಿಮನಿ ಗ್ವಾಡಿಗೆಲ್ಲಾ ಸಿಮೆಂಟ್ ಮಾಡಿಹೋದ. ಮಣ್ಣಿನ ಗ್ವಾಡಿ ನೆಲದಿಂದ ಪಸೆ ಎಳೀತೈತಿ, ಗಾಳಿಗೆ ಬಿಡ್ತೈತಿ. ಮ್ಯಾಲ ಸಿಮೆಂಟ್ ಹಾಕಿದ್ರ ಬಿಡಾಕ ದಾರಿ ಇಲ್ಲ. ಪಸೆ ಒಳಗ ನಿಂತು ಮಣ್ಣು ಮೆತ್ತಗಾಗಿ, ಗ್ವಾಡಿಯೊಳಗ ಹೊಕ್ಕಿದ್ದ ತೊಲಿ ತುದಿ ಕೊಳತು, ವರಲಿ ಹತ್ತಿತು. ಹೊರಗ ನೋಡಿದ್ರ ಗ್ವಾಡಿ ಗಟ್ಟಿಮುಟ್ಟು, ಒಳಗ ಹಿಟ್ಟು. ಈ ಸಲ ಸಿಮೆಂಟ್ ಕಿತ್ತಾಗ ಗೊತ್ತಾತು.

2009ರ ಸೆಪ್ಟೆಂಬರ್ ಕೊನಿಗೆ, ಅಕ್ಟೋಬರ್ ಸುರುವಿಗೆ ನಮ್ಮ ಉತ್ತರ ಕರ್ನಾಟಕಕ್ಕ ಬಿದ್ದ ಮಳಿ ನಿಮಗೆಲ್ಲಾ ನೆನಪಿರ್ಬೇಕು. ಎಷ್ಟೋ ಮಣ್ಣಿನ ಮನಿ ಕುಸಿದ್ವು. ಕಂಪ್ಲ್ಯಾಗ ಹೊಳಿ ದಂಡಿ ಮಂದಿ ರಾತ್ರಿ ನಿದ್ದಿ ಮಾಡ್ಲಿಲ್ಲ. ಅವತ್ತಿನಿಂದ ಮಾಳಗಿ ಅಂದ್ರ ಮಂದಿಗೆ ಅಂಜಿಕಿ. ಅದ ಹೊತ್ತಿಗೆ ಸಂಡೂರಿನಾಗ ಅದಿರಿನ ಕಾಲ. ಕೆಂಪು ಧೂಳು ಹಾರಿಸ್ಕೋಂತ ಲಾರಿ ಹಗಲು ರಾತ್ರಿ ಓಡಿದ್ವು. ಲಾರಿ ಇಟ್ಟೋರು, ಹೊಲ ಕೊಟ್ಟೋರು ಹಳೇ ಮನಿ ಕೆಡವಿ ಮೂರು ಅಂತಸ್ತು ಎಬ್ಬಿಸಿದ್ರು. ನಾದಿನಿ ಓಣ್ಯಾಗ ಹತ್ತು ವರ್ಷದಾಗ ಒಂದೂ ಮಾಳಗಿ ಮನಿ ಉಳೀಲಿಲ್ಲ. 2011ರ ಜುಲೈ ಕೊನಿಗೆ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿ ನಿಲ್ಲಿಸ್ತು. ಲಾರಿ ನಿಂತ್ವು, ಅರ್ಧ ಕಟ್ಟಿದ ಮನಿಗಳೂ ಹಂಗ ನಿಂತ್ವು, ಕಬ್ಬಿಣದ ಸರಳು ಆಕಾಶ ನೋಡ್ಕೋಂತ. ಮಾರಿದ ಕಂಬ ಮಾತ್ರ ವಾಪಸ್ ಬರ್ಲಿಲ್ಲ.

ಅದ ಜುಲೈ ಕೊನಿಗೆ ಹಂಪಿ ಬಜಾರದಾಗ ಇನ್ನೊಂದು ಆತು. ವಿರೂಪಾಕ್ಷ ಗುಡಿ ಮುಂದಿನ ಸಾಲುಮಂಟಪದಾಗ ಮಂದಿ ಎರಡು ಮೂರು ತಲಿಯಿಂದ ಬಾಳೇ ಮಾಡ್ತಿದ್ರು. ಕಲ್ಲಿನ ಕಂಬದ ನಡು ಗ್ವಾಡಿ ಎಬ್ಬಿಸಿ, ಒಲಿ ಹಾಕಿ, ಅಂಗಡಿ ಇಟ್ಟು. ಅದೂ ಒಂದು ನಮೂನಿ ಹಳೇ ಮನಿ ಒಳಗ ಬದಲಾವಣಿ. ಜೆಸಿಬಿ ಬಂದು ಅವನ್ನೆಲ್ಲಾ ಕೆಡವಿದ್ವು, ನೂರಾರು ಮಂದಿ ಮನಿ ಕಳ್ಕೊಂಡ್ರು, ಆಮ್ಯಾಲ ಕಡ್ಡಿರಾಂಪುರದ ಹತ್ರ ಜಾಗ ಕೊಟ್ರು. ಹಂಪಿ 1986ರಿಂದ ವಿಶ್ವ ಪರಂಪರೆ ಪಟ್ಟಿಯೊಳಗ ಐತಿ, 2002ರಾಗ ಅದಕ್ಕಂತ ಕಾಯ್ದೆ ಮಾಡಿ ಪ್ರಾಧಿಕಾರ ಮಾಡ್ಯಾರ. ಆ ಪ್ರದೇಶದಾಗ ಮನಿ ಕಟ್ಟಾಕ, ರಿಪೇರಿ ಮಾಡಾಕ ಅಪ್ಪಣಿ ಬೇಕು. ಕಲ್ಲು ಉಳೀಬೇಕು ಅನ್ನೋದು ಸರಿ. ಕಂಬದ ನಡು ಅಡಗಿ ಮಾಡ್ತಿದ್ದಾಕಿನೂ ಇತಿಹಾಸಾನ ಅನ್ನೋದೂ ಸರಿ. ಎರಡನ್ನೂ ಹಿಡ್ಕೊಂಡು ಹೋಗೋ ದಾರಿ ಇನ್ನ ಚಲೋತ್ನಾಗಿ ಸಿಕ್ಕಿಲ್ಲ ಅಂತ ನನಗನಸ್ತೈತಿ. ಹೊಳಿ ಆಚಿ ಆನೆಗೊಂದ್ಯಾಗ ಕಿಷ್ಕಿಂದ ಟ್ರಸ್ಟ್‌ನೋರು ಹಳೇ ಮನಿ ರಿಪೇರಿ ಮಾಡಿ, ಬಂದೋರು ಉಳ್ಕೊಳ್ಳೋ ಹಂಗ ಮಾಡ್ಯಾರ. ಊರ ಹೆಣ್ಮಕ್ಳಿಗೆ ಬಾಳಿ ನಾರಿನ ಕೆಲ್ಸಾನೂ ಕೊಟ್ಟಾರ. ಅದು ಒಂದು ದಾರಿ.

ನಮ್ಮ ಮನ್ಯಾಗ ಆದ ಮಾತುಕತಿ ಈಗ ಹೇಳ್ತೀನಿ, ಮುಚ್ಚಿಡೋದೇನೈತಿ. ಮೈದುನಗ ಪಾಲು ಬೇಕಿತ್ತು. ಮಗ ಬೆಂಗ್ಳೂರಿನಿಂದ "ಕೆಡವ್ರಿ" ಅಂದ. ಹಳೇ ಕಟ್ಟಿಗಿ ಕೊಳ್ಳೋನೊಬ್ಬ ಬಂದು ಹದಿನಾರೂ ಕಂಬಕ್ಕ, ತಲಬಾಗ್ಲಕ್ಕ ಸೇರಿಸಿ ರೇಟು ಹೇಳ್ದ. ಯಾವುದೋ ರೆಸಾರ್ಟಿಗೆ ಹೋಗ್ತಾವಂತ. ರೊಕ್ಕ ಸಣ್ಣದಲ್ಲ, ಮೈದುನನ ಮಗಳ ಮದಿವಿ ಆಗೋವಷ್ಟಿತ್ತು. ಎರಡು ದಿನ ಪಡಸಾಲ್ಯಾಗ ಗಂಡಸ್ರ ಮಾತಾಡಿದ್ರು. ಮೂರನೇ ದಿನ ಅತ್ತಿ ಕೋಲು ಊರ್ಕೋಂತ ಬಂದು ನಡುಕಂಬಕ್ಕ ಆನ್ಕೊಂಡು ಕುಂತ್ರು. "ಈ ತೊಲಿಗೆ ತೊಟ್ಟಿಲ ಕೊಂಡಿ ಐತಿ. ನಿಮ್ಮಪ್ಪ, ನೀವು ಇಬ್ರು, ನಿಮ್ಮ ಮಕ್ಕಳು ಐದು ಮಂದಿ ಇದಕ್ಕ ತೂಗ್ಯಾರ. ಪಂಚಮಿಗೆ ಜೋಕಾಲಿ ಇದಕ್ಕ. ರೆಸಾರ್ಟಿನೋರು ಇದಕ್ಕ ಏನು ತೂಗ್ತಾರ?" ಅಂದ್ರು. ಯಾರೂ ಮಾತಾಡ್ಲಿಲ್ಲ.

ಆದ್ರ ಕಣ್ಣೀರಿನ ಮ್ಯಾಲ ಮನಿ ನಿಲ್ಲಂಗಿಲ್ಲ, ಲೆಕ್ಕದ ಮ್ಯಾಲ ನಿಲ್ತೈತಿ. ಅದಕ್ಕ ನಾನು, ನೆಗೆಣ್ಣಿ ಕುಂತು ಲೆಕ್ಕ ಹಾಕಿದ್ವಿ. ಹಿಂದಿನ ಕೊಟ್ಟಗಿ ಜಾಗ ಖಾಲಿ ಬಿದ್ದೈತಿ. ಅಲ್ಲಿ ಮೈದುನಗ ಎರಡು ಕೋಣಿ, ಇಬ್ರಿಗೂ ಪಾಯಖಾನಿ, ಬಚ್ಚಲ ಹೊಸದಾಗಿ ಇಟ್ಟಿಗ್ಯಾಗ. ಮುಂದಿನ ಅಂಕಣ ಹಂಗ ಇರ್ಲಿ. ಮಗಳ ಮದಿವಿಗೆ ನಮ್ಮ ಪಾಲಿಂದು ನಾವು ಕೊಡ್ತೀವಿ ಅಂತ ಮಾತಾತು. ಅದರಾಗ ನನ್ನ ಪಾಟಲಿನೂ ಸೇರ್ಯಾವ. ಅದಕ್ಕೇನು ಬ್ಯಾಸರ ಇಲ್ಲ.

ಇನ್ನ, ಇಂಥ ಮನಿ ಇದ್ದೋರಿಗೆ ಉಪಯೋಗ ಆಗ್ಲಿ ಅಂತ ನಾವು ಮಾಡಿದ್ದನ್ನ ಬರೀತೀನಿ.

ಮೊದ್ಲ ಮಾಳಗಿ ಭಾರ ಇಳ್ಸಿದ್ವಿ. ವರ್ಷಾ ಚೌಳು ಹಾಕಿ ಹಾಕಿ ಮಣ್ಣು ಏರ್ಕೋಂತ ಹೋಗಿರ್ತೈತಿ. ಒಂದು ಘನ ಅಡಿ ಮಣ್ಣು ಸುಮಾರು 45 ಕಿಲೋ. ಹತ್ತಡಿಗೆ ಹತ್ತಡಿ ಅಂಕಣಕ್ಕ ಒಂದಡಿ ದಪ್ಪ ಮಣ್ಣಿದ್ರ 4,500 ಕಿಲೋ, ಅಂದ್ರ ನಾಕೂವರಿ ಟನ್! ಮಳಿ ನೀರು ಕುಡಿದ್ರ ಇನ್ನೂ ಹೆಚ್ಚು. ನಮ್ಮದು ಕೆಲ ಕಡೆ ಒಂದೂವರಿ ಅಡಿ ಆಗಿತ್ತು. ಕೆಳಗ ಆಸರಾ ಕೊಟ್ಟು, ಎರಡೂ ಕಡೆಯಿಂದ ಸಮಾ ತೆಗೀಬೇಕು. ಒಂದ ಕಡೆ ತೆಗದ್ರ ತೊಲಿ ತಿರುವ್ತೈತಿ.

ಆಮ್ಯಾಲ ಕಟ್ಟಿಗಿ ಪರೀಕ್ಷಿ. ಸುತ್ತಿಗಿಲೆ ಮೆಲ್ಲಕ ಬಡ್ದ್ರ ಗಟ್ಟಿ ಕಟ್ಟಿಗಿ ಟಣ್ ಅಂತೈತಿ, ಟೊಳ್ಳು ಬೊದ್ ಅಂತೈತಿ. ಸಾಗವಾನಿ ಒಳಗಿನ ಚೇಗಿನಾಗ ಎಣ್ಣಿ ಅಂಶ ಇರ್ತೈತಿ, ವರಲಿ ಸುಲಭಕ್ಕ ಮುಟ್ಟಂಗಿಲ್ಲ. ಹೊರಗಿನ ಬಿಳಿ ಭಾಗ ತಿಂತೈತಿ. ನಮ್ಮ ಹದಿನಾರು ಕಂಬದಾಗ ಒಂದೂ ಕೆಟ್ಟಿಲ್ಲ. ಅಡಗಿಮನಿ ಕಡೆ ಎರಡು ತೊಲಿ ತುದಿ ಮಾತ್ರ ಹೋಗಿದ್ವು. ಪೂರಾ ತೊಲಿ ಬದಲು ಮಾಡ್ಲಿಲ್ಲ. ಕೊಳತಷ್ಟು ಕೊಯ್ದು, ಅದ ಜಾತಿ ಹಳೇ ಕಟ್ಟಿಗಿ ಜೋಡ್ಸಿ ಬೋಲ್ಟ್ ಹಾಕಿದ್ರು.

ಗ್ವಾಡಿಗೆ ಸುಣ್ಣದ ಗಾರಿ. ಹಂಪ್ಯಾಗ ಇಟ್ಟಿಗಿ ಗೋಪುರ ಎಲ್ಲಾ ನಿಂತಿದ್ದು ಸುಣ್ಣದ ಮ್ಯಾಲ. ಸುಣ್ಣ ಪಸೆ ಬಿಡ್ತೈತಿ, ಗ್ವಾಡಿ ಉಸುರಾಡ್ತೈತಿ. ಬಚ್ಚಲದ ನೀರು ಮಾತ್ರ ಮಣ್ಣಿನ ಗ್ವಾಡಿ ಹತ್ರ ಸುಳೀಬಾರ್ದು, ಅದಕ್ಕ ಕೊಟ್ಟಗಿ ಕಡೆ ಬೇರೆ ಇಟ್ಟಿಗಿ ಗ್ವಾಡಿ.

ಬೆಳಕಿಂಡಿಗೆ ಗಾಜು. ಸುತ್ತ ಗಾಳಿ ಹೋಗೋ ಹಂಗ ಜಾಳಿಗಿ, ಮಳಿ ಒಳಗ ಬರದಂಗ ಮ್ಯಾಲ ಟೊಪಗಿ. ಬಾಣಂತಿ ಕೋಣಿಗೆ ಕಿಡಕಿ ಬಿಡಿಸಿದ್ವಿ. ಗ್ವಾಡಿ ದಪ್ಪ ಇರೋದ್ರಿಂದ ಮ್ಯಾಲ ಕಲ್ಲಿನ ಹಾಸು ಇಟ್ಟ ಮ್ಯಾಲ ಕೆಳಗ ಬಿಡಿಸ್ಬೇಕು. ಈಗ ಅದು ಅತ್ತಿ ಕೋಣಿ. ವಯರಿಂಗ್ ಹಳೇದೆಲ್ಲಾ ತೆಗ್ಸಿದ್ವಿ. ಕಟ್ಟಿಗಿ ಮನ್ಯಾಗ ಹಳೇ ವಯರ್ ಅಂದ್ರ ಉಡಿಯೊಳಗ ಕೆಂಡ ಇಟ್ಕೊಂಡಂಗ. ಕಂಬ ಕೊರೀಲಿಲ್ಲ, ಹೊರಗಿಂದ ಪೈಪಿನಾಗ ಒಯ್ದಾರ.

ಕಂಬಕ್ಕ ಯಾರೋ ಹಿಂದ ಹಸಿರು ಎಣ್ಣಿ ಬಣ್ಣ ಬಳ್ದಿದ್ರು. ಹಳೇ ಎಣ್ಣಿ ಬಣ್ಣದಾಗ ಸೀಸ ಇರ್ತೈತಿ, ಅದರ ಧೂಳು ಮಕ್ಕಳಿಗೆ ವಿಷ. ಬೆಂಕಿಲೆ ಸುಟ್ಟು ತೆಗೀಬ್ಯಾಡ್ರಿ, ಒಣ ಉಜ್ಜಬ್ಯಾಡ್ರಿ, ನೀರು ಚಿಮುಕಿಸಿ ಕೆರೀಬೇಕು, ಕೂಸುಗಳ್ನ ದೂರ ಇಡ್ಬೇಕು. ಆಮ್ಯಾಲ ಅಗಸಿ ಎಣ್ಣಿ ಹಚ್ಚಿದ್ವಿ. ಇನ್ನೊಂದು ನೆನಪಿಡ್ರಿ, ಅಗಸಿ ಎಣ್ಣಿ ಒರಸಿದ ಅರಿವಿ ಮುದ್ದಿ ಮಾಡಿ ಮೂಲ್ಯಾಗ ಒಗೀಬಾರ್ದು. ಅದು ಒಣಗುವಾಗ ತಾನ ಕಾದು ಬೆಂಕಿ ಹತ್ತೋದುಂಟು. ಬಿಚ್ಚಿ ಬಯಲಿಗೆ ಒಣಾಕಬೇಕು, ಇಲ್ಲಾ ನೀರಾಗ ನೆನೀ ಹಾಕ್ಬೇಕು.

ಬಣ್ಣ ಹೋದ ಮ್ಯಾಲ ನಡುಕಂಬದಾಗ ಏನು ಕಾಣ್ತು ಹೇಳ್ಲಿ? ಬೋದಿಗಿಗೆ ತಾವರಿ ಹೂವು, ಗಿಳಿ ಕೆತ್ತನಿ. ಅದು ಬಡಿಗ್ಯಾರದು. ಅದರ ಕೆಳಗ, ಮನುಷ್ಯಾರ ಎದಿ ಮಟ್ಟಕ್ಕ, ಸಾಲಾಗಿ ಸಣ್ಣ ಸಣ್ಣ ಗೀರು. ಅತ್ತಿ ಕೈಯಾಡಿಸಿ ನೋಡಿ ಗುರ್ತು ಹಿಡಿದ್ರು. ಅವ್ರ ಅತ್ತಿ ಹಾಲಿನ ಲೆಕ್ಕಕ್ಕ, ಅಗಸರ ಅರಿವಿ ಲೆಕ್ಕಕ್ಕ ಕುಡುಗೋಲಿನಿಂದ ಹಾಕಿದ ಗೀರು ಅವು. ಓದು ಬರದಿದ್ದಾಕಿ ಬರ್ದಿಟ್ಟ ಲೆಕ್ಕ. ಬಡಿಗ ಅದನ್ನ ರಂದಾ ಹೊಡ್ದು ನುಣ್ಣಗ ಮಾಡ್ತೀನಂದ. ನಾ ಬ್ಯಾಡಂದೆ. ಹಂಪ್ಯಾಗ ಅರಸರ ಶಾಸನ ಕಲ್ಲಿನ ಮ್ಯಾಲ ಅದಾವ, ನಮ್ಮ ಮನ್ಯಾಗ ಇದ ಶಾಸನ.

ಹಂಗಾಗಿ ನನ್ನ ಉತ್ತರ ಇಷ್ಟ. ಕೆಡವೋರನ್ನ ನಾ ಬೈಯಂಗಿಲ್ಲ. ಎಲ್ಲಾ ಮನಿ ಉಳಿಸಾಕ ಆಗಂಗಿಲ್ಲ, ವರಲಿ ತಿಂದಿದ್ದನ್ನ ಹಿಡ್ಕೊಂಡು ಕುಂತ್ರ ಜೀವಕ್ಕ ಕುತ್ತು. ಆದ್ರ ಕೆಡವೋಕಿಂತ ಮೊದ್ಲ ಒಬ್ಬ ಒಳ್ಳೇ ಹಳೇ ಬಡಿಗನ್ನ ಕರ್ಸಿ ಕಂಬ ಬಡ್ಸಿ ನೋಡ್ರಿ. ಅಡಗಿಮನಿ ಎಲ್ಲಿ, ಬಚ್ಚಲ ಎಲ್ಲಿ, ಕಿಡಕಿ ಎಲ್ಲಿ ಅಂತ ನಕ್ಷೆ ಮಾಡೋವಾಗ ಪಡಸಾಲಿಗೆ ನೀವೂ ಹೋಗಿ ಕುಂದರ್ರಿ, ಕರೀಲಿ ಬಿಡ್ಲಿ. ನೂರು ವರ್ಷ ಮನಿ ಕಾದೋರು ನಾವು, ಒಂದು ತಾಸು ಮಾತಾಡಿದ್ರ ತಪ್ಪಿಲ್ಲ.

ಕೆಲ್ಸ ದಸರಾ ಹೊತ್ತಿಗೆ ಮುಗೀಬಹುದು. ನಿಮ್ಮ ಮನ್ಯಾಗ ಕಂಬದ ಮ್ಯಾಲ, ಚೌಕಟ್ಟಿನ ಮ್ಯಾಲ ಇಂಥ ಗೀರು, ಇಸ್ವಿ, ಹೆಸರು ಏನಾದ್ರೂ ಇದ್ರ ಬಣ್ಣ ಬಳಿಯೋಕಿಂತ ಮೊದ್ಲ ಫೋಟೋ ತಗೊಂಡು ನನಗ ಕಳಿಸ್ರಿ. ಹಿರೇರು ಇರೋತ್ನಕ ಅದು ಯಾರದು, ಏನ್ ಲೆಕ್ಕ ಅಂತ ಕೇಳಿ ಬರ್ದಿಡ್ರಿ. ಮುಂದಿನ ಸಲ ಹಗೇವಿನ ಬಗ್ಗೆ ಬರೀತೀನಿ. ನಮ್ಮ ನಡುಮನಿ ಹಗೇವಿನ ಬಾಯಿ ನಾಳಿದ್ದು ತೆಗ್ಯಾರಿದ್ದಾರ.